ತುರ್ತು ಕರೆಯೂ ಬರಿದಾದ ಕುರ್ಚಿಯೂ

ಬಿಜೈಯ ಬಸ್ ನಿಲ್ದಾಣದ ಬಳಿ ಪ್ರಯಾಣಿಕನೊಬ್ಬನು ಎದೆನೋವಿನಿಂದ ಕುಸಿದನೆನ್ನೋಣ. ಜೊತೆಯವರು 108ಕ್ಕೆ ಕರೆಮಾಡುತ್ತಾರೆ. ಕರ್ನಾಟಕದಲ್ಲಿ 2008ರಲ್ಲಿ ಆರಂಭವಾದ ಈ ಸೇವೆಯಲ್ಲಿ, ಆಂಬುಲೆನ್ಸು ಹೊರಡುವ ಮೊದಲು ಒಬ್ಬರು ಆ ಕರೆಯನ್ನು ಸ್ವೀಕರಿಸಿ, ಸ್ಥಳವನ್ನೂ ರೋಗಿಯ ಸ್ಥಿತಿಯನ್ನೂ ಕೇಳಿ ತಿಳಿಯಬೇಕು. ಅಂಥವರ ಕುರ್ಚಿಯೇ ಬರಿದಾಗಿದ್ದರೆ?

ಇದನ್ನು ಅಳೆಯುವ ಗಣಿತವನ್ನು ಕೋಪನ್‌ಹೇಗನ್ನಿನ ದೂರವಾಣಿ ಕಂಪೆನಿಯಲ್ಲಿದ್ದ ಎರ್ಲಾಂಗನು 1917ರಲ್ಲಿ ಪ್ರಕಟಿಸಿದನು. ಲೆಕ್ಕಕ್ಕಾಗಿ ಒಂದು ಕೇಂದ್ರವನ್ನು ಕಲ್ಪಿಸಿಕೊಳ್ಳಿರಿ. ಅಲ್ಲಿ ಗಂಟೆಗೆ ಸರಾಸರಿ 60 ಕರೆಗಳು. ಒಂದೊಂದಕ್ಕೂ ಸರಾಸರಿ 4 ನಿಮಿಷ. ಆರು ಮಂದಿ ಇದ್ದರೆ ಕರೆಯೊಂದು ಸರಾಸರಿ 34 ಸೆಕೆಂಡು ಕಾಯುತ್ತದೆ. ಐವರಿದ್ದರೆ 133 ಸೆಕೆಂಡು! ಕೊರತೆ ಆರರಲ್ಲೊಂದು ಪಾಲು. ಕಾಯುವ ಹೊತ್ತು ಸುಮಾರು ನಾಲ್ಕು ಮಡಿ. ಕಾರಣವಿಷ್ಟೆ: ಕರೆಗಳು ಸಮಾನ ಅಂತರದಲ್ಲಿ ಬರುವುದಿಲ್ಲ. ಅವು ಒಟ್ಟಾಗಿ ಬಂದಾಗ ಒದಗುವವರು, ಅದುವರೆಗೆ ಬಿಡುವಾಗಿ ಕುಳಿತಿದ್ದ ಆರನೆಯವರೇ.

ಇದ್ದವರನ್ನೇ ಕಡ್ಡಾಯವಾಗಿ ಮುಂದಿನ ಪಾಳಿಗೂ ಉಳಿಸಿಕೊಂಡರೆ ಕುರ್ಚಿಗಳೇನೋ ತುಂಬುವುವು. ಆದರೆ 17 ಗಂಟೆ ಎಚ್ಚರವಿದ್ದವನ ಚುರುಕು, ರಕ್ತದಲ್ಲಿ ಶೇಕಡಾ 0.05ರಷ್ಟು ಮದ್ಯಸಾರವುಳ್ಳವನ ಮಟ್ಟಕ್ಕೆ ಇಳಿಯುವುದೆಂದು 1997ರಲ್ಲಿ ಪ್ರಕಟವಾದ ಆಸ್ಟ್ರೇಲಿಯದ ಪ್ರಯೋಗವೊಂದು ತೋರಿಸಿತು. ನಮ್ಮ ದೇಶದಲ್ಲಿ ಶೇಕಡಾ 0.03ನ್ನು ಮೀರಿದವನು ವಾಹನ ನಡೆಸುವುದೇ ಅಪರಾಧ.

ದಣಿವಿನಿಂದ 4 ನಿಮಿಷದ ಕೆಲಸ 5 ನಿಮಿಷವಾಯಿತೆಂದು ಭಾವಿಸಿರಿ. ಆಗ ಆರು ಮಂದಿಯೂ ಇದ್ದು ಕರೆ ಕಾಯುವುದು 176 ಸೆಕೆಂಡು. ಅಂದರೆ, ದಣಿದ ಆರು ಮಂದಿಗಿಂತ ದಣಿಯದ ಐವರೇ ವಾಸಿ. ಕೊರತೆಯನ್ನು ಹೆಚ್ಚುವರಿ ದುಡಿಮೆಯಿಂದ ಮುಚ್ಚಬಹುದು, ನೀಗಿಸಲಾಗದು. ಅದಕ್ಕೆ ಹೊಸಬರ ನೇಮಕವೇ ಆಗಬೇಕು.