ತೂತು ಸಣ್ಣದೆಂದು ಟೇಬಲ್ ಹತ್ತಬೇಡ

ತಮ್ಮಾ, ಟೊಂಕದ ಆಪರೇಷನ್ ಮಾಡಿಸಲೋ ಬೇಡವೋ ಎಂದು ಕೇಳಿದಿ. ದೊಡ್ಡ ಕೊಯ್ತ ಇಲ್ಲವಂತೆ, ಸಣ್ಣ ತೂತಿನಲ್ಲೇ ಮುಗಿಯುತ್ತದಂತೆ, ಮೂರನೇ ದಿನಕ್ಕೆ ಲಕ್ಷ್ಮೇಶ್ವರಕ್ಕೆ ವಾಪಸ್ಸಂತೆ ಎಂದು ಹೇಳುವಾಗಲೇ ನಿನ್ನ ಮನಸ್ಸು ಅರ್ಧ ಹುಬ್ಬಳ್ಳಿ ಬಸ್ಸು ಹತ್ತಿತ್ತು. ಹೋಗಬೇಡ ಅನ್ನುವುದಿಲ್ಲ. ಯಾತಕ್ಕೆ ಹೋಗುತ್ತೀ ಅನ್ನುವುದನ್ನು ಮೊದಲು ಗಟ್ಟಿ ಮಾಡಿಕೋ.

ಆ ಆಪರೇಷನ್ನಿನಲ್ಲಿ ಮಾಡುವುದು ಬೆನ್ನೆಲುಬಿನ ಎರಡು ಮಣಕಗಳನ್ನು ಬೆಸೆಯುವ ಕೆಲಸ. ನಡುವಿನ ಸವೆದ ಡಿಸ್ಕ್ ಕೆರೆದು ತೆಗೆದು, ಆ ಜಾಗಕ್ಕೆ ಮೂಳೆಯ ಚೂರು ತುಂಬಿದ ಕೇಜ್ ಕೂಡಿಸಿ, ಮೇಲೆ ಕೆಳಗೆ ಸ್ಕ್ರೂ ಬಿಗಿದು ಸರಳು ಜೋಡಿಸುತ್ತಾರೆ. ಹಳೆಯ ಪದ್ಧತಿಯಲ್ಲಿ ಬೆನ್ನು ಉದ್ದಕ್ಕೆ ಕೊಯ್ದು ಸ್ನಾಯುವನ್ನು ಮೂಳೆಯಿಂದ ಬಿಡಿಸುತ್ತಿದ್ದರು. ಈಗ ಎರಡೂ ಬದಿಗೆ ಇಂಚಿನಷ್ಟು ಕೊಯ್ದು, ಕೊಳವೆ ಇಳಿಸಿ, ಎಕ್ಸ್‌ರೇ ಪರದೆ ನೋಡುತ್ತ ಅದನ್ನೇ ಮಾಡುತ್ತಾರೆ. ರಕ್ತ ಹೋಗುವುದು ಕಡಿಮೆ, ಗಾಯ ಕೀವಾಗುವ ಭಯ ಕಡಿಮೆ, ಮೊದಲ ವಾರಗಳ ನೋವೂ ಕಡಿಮೆ. ಇದೆಲ್ಲ ಖರೆ. ಆದರೆ ವರ್ಷ ಎರಡು ವರ್ಷ ಬಿಟ್ಟು ನೋಡಿದರೆ ನೋವು, ಓಡಾಟ ಎರಡೂ ಬಗೆಯವರಲ್ಲಿ ಹೆಚ್ಚುಕಡಿಮೆ ಒಂದೇ. ಮತ್ತೆ, ತೂತು ಸಣ್ಣದೆಂದು ಮೂಳೆ ಬೇಗ ಕೂಡುವುದಿಲ್ಲ. ಅದಕ್ಕೆ ಆರು ತಿಂಗಳು, ಕೆಲವರಿಗೆ ವರ್ಷವೇ ಬೇಕು. ಎಪಿಎಂಸಿಯಲ್ಲಿ ಶೇಂಗಾ ಚೀಲ ಹೊರುವ ನಿನಗೆ ಮುಖ್ಯವಾದದ್ದು ಈ ಲೆಕ್ಕ, ಮೂರನೇ ದಿನದ ಲೆಕ್ಕವಲ್ಲ.

ಎಂಆರ್‌ಐ ಫಿಲ್ಮನ್ನು ಕಿಟಕಿ ಬೆಳಕಿಗೆ ಹಿಡಿದು, ಕೆಳಗಿನಿಂದ ಎರಡನೆಯ ಡಿಸ್ಕ್ ಕಪ್ಪಾದದ್ದನ್ನು ಬೆರಳಿಟ್ಟು ತೋರಿಸಿದಿ. ಅಷ್ಟಕ್ಕೇ ಅಂಜಬೇಡ. ಟೊಂಕನೋವು ಇಲ್ಲದವರ ಸ್ಕ್ಯಾನುಗಳನ್ನೇ ಒಟ್ಟುಮಾಡಿ ನೋಡಿದ 2015ರ ಒಂದು ಅಧ್ಯಯನದಲ್ಲಿ, ಇಪ್ಪತ್ತರ ಹರೆಯದವರಲ್ಲೇ ಶೇ. 37 ಜನರ ಡಿಸ್ಕ್ ಸವೆದಿತ್ತು, ಎಂಬತ್ತರವರಲ್ಲಿ ಶೇ. 96. ನನ್ನ ಫಿಲ್ಮ್ ತೆಗೆಸಿದರೆ ನಿನ್ನದಕ್ಕಿಂತ ಕಪ್ಪಾಗಿಯೇ ಬಂದೀತು.

ಮಣಕ ಮುಂದಕ್ಕೆ ಜಾರಿ, ನರ ಒತ್ತಿ, ನೋವು ಕಾಲಿಗೆ ಇಳಿದಿದ್ದರೆ ಬೆಸುಗೆಯಿಂದ ಗುಣ ಕಾಣುವವರು ಹೆಚ್ಚು. ಬರೀ ಟೊಂಕನೋವಿಗೆ ಹಾಗಲ್ಲ. 2001ರಲ್ಲಿ ಸ್ವೀಡನ್ನಿನ ವೈದ್ಯರು 294 ಜನರನ್ನು ನೋಡಿ ಆಪರೇಷನ್ನೇ ಮೇಲು ಅಂದರು. ಆದರೆ ಅವರು ಹೋಲಿಸಿದ್ದು ಮಾಮೂಲಿ ಫಿಸಿಯೋಥೆರಪಿಯ ಜೊತೆ. 2005ರಲ್ಲಿ ಬ್ರಿಟನ್ನಿನಲ್ಲಿ 349 ಜನರ ಪರೀಕ್ಷೆಯಾಯಿತು. ಅಲ್ಲಿ ಆಪರೇಷನ್ ಆಗದವರಿಗೆ ಮೈ ಬೆವರುವ ವ್ಯಾಯಾಮ, ಜೊತೆಗೆ ನೋವಿನ ಅಂಜಿಕೆ ಬಿಡಿಸುವ ಮಾತು, ಸುಮಾರು ಮೂರು ವಾರ, 75 ಗಂಟೆ. ಎರಡು ವರ್ಷದ ಮೇಲೆ ಎರಡೂ ಗುಂಪಿನ ನಡುವೆ ಉಳಿದ ಅಂತರ ಅಲ್ಪ. ನೀನೋ, ಹತ್ತು ನಿಮಿಷ ಬೆನ್ನಿಗೆ ಕರೆಂಟು ಹಿಡಿಸಿಕೊಂಡು ಬಂದು ‘ವ್ಯಾಯಾಮ ಎಲ್ಲಾ ಆತು ಕಾಕಾ’ ಅನ್ನುತ್ತೀ!

ಡಾಕ್ಟರಿಗೆ ಕೇಳು: ನನ್ನ ಮಣಕ ಜಾರಿದೆಯೇ, ನರ ಒತ್ತಿದೆಯೇ? ಬರೀ ನರ ಬಿಡಿಸಿದರೆ ಸಾಲದೇ, ಸ್ಕ್ರೂ ಬೇಕೇ ಬೇಕೇ? ಕೇಳಿದ್ದಕ್ಕೆ ಸಿಟ್ಟಾಗುವವರಿದ್ದರೆ ಇನ್ನೊಬ್ಬ ಡಾಕ್ಟರಿಗೆ ತೋರಿಸು. ಖರ್ಚಿನ ಚಿಂತೆಯಲ್ಲಿ ಹೊಲ ಒತ್ತೆ ಇಡಬೇಡ. ಬಿಪಿಎಲ್ ಕಾರ್ಡಿನ ಮನೆಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ನೆರವು ಇದೆ. ನಿನ್ನ ಚಿಕಿತ್ಸೆ ಅದರಲ್ಲಿ ಬರುತ್ತದೆಯೇ ಎಂದು ಮೊದಲು ಗದಗಿನ ಜಿಮ್ಸ್ ಆಸ್ಪತ್ರೆಯಲ್ಲಿ ವಿಚಾರಿಸು.

ಬೀಡಿ ಸೇದುವವರಲ್ಲಿ ಬೆಸೆದ ಮೂಳೆ ಕೂಡದೆ ಉಳಿಯುವುದು ಹೆಚ್ಚು. ಗುಟ್ಕಾದಲ್ಲೂ ಇರುವುದು ಅದೇ ನಿಕೋಟಿನ್. ಆಪರೇಷನ್ ಆಗಲಿ ಬಿಡಲಿ, ಕಿಸೆಯಲ್ಲಿರುವ ಆ ಗುಟ್ಕಾ ಚೀಟನ್ನು ಇವತ್ತೇ ಬಿಸಾಕು.

ಒಂದು ವಿಷಯದಲ್ಲಿ ಮಾತ್ರ ನನ್ನನ್ನೂ ಕೇಳುತ್ತ ಕೂಡ್ರಬೇಡ. ಮೂತ್ರ ಕಟ್ಟಿದರೆ, ತೊಡೆಸಂದಿಯಲ್ಲಿ ಜೋಮು ಹಿಡಿದರೆ, ಪಾದ ಎತ್ತಲು ಬಾರದಿದ್ದರೆ ಬೆಳಗಾಗುವ ತನಕ ಕಾಯದೆ 108ಕ್ಕೆ ಫೋನ್ ಮಾಡಿ ಮೊದಲು ಕಿಮ್ಸ್ ಅನ್ನುತ್ತಿದ್ದ ಹುಬ್ಬಳ್ಳಿಯ ಕೆಎಂಸಿಆರ್‌ಐ ಆಸ್ಪತ್ರೆಗೆ ಹೊರಡು.