ಮಾಳಿಗೆ ಮನೆ ಮಧ್ಯಾಹ್ನ ತಂಪೇಕೆ?



ಏಪ್ರಿಲ್ ತಿಂಗಳ ಮಧ್ಯಾಹ್ನ ತಗಡಿನ ಮನೆಯಲ್ಲಿ ಕುಳಿತು ಓದುವುದು ಕಷ್ಟ. ಫ್ಯಾನ್ ಹಾಕಿದರೂ ಬಿಸಿಗಾಳಿಯೇ ಬೀಸುತ್ತದೆ. ಅದೇ ಹೊತ್ತಿನಲ್ಲಿ ಊರಿನ ಹಳೆಯ ಮಾಳಿಗೆ ಮನೆಯೊಳಗೆ ಹೋಗಿ ನೋಡಿ. ಕರೆಂಟಿಲ್ಲದೆಯೂ ತಂಪು! ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆಯ ಹಳ್ಳಿಗಳಲ್ಲಿ ಇಂತಹ ಮನೆಗಳು ಕಡಿಮೆಯಾಗುತ್ತಿವೆ. ಅವುಗಳಲ್ಲಿರುವ ವಿಜ್ಞಾನವನ್ನು ತಿಳಿಯೋಣವೇ?

ಮಾಳಿಗೆಯ ಪದರಗಳು

ಕೆಳಗೆ ಮರದ ತೊಲೆ, ಅದರ ಮೇಲೆ ಜಂತೆ, ನಂತರ ಕಡ್ಡಿ ಮತ್ತು ಸೊಪ್ಪು, ಅದರ ಮೇಲೆ ದಪ್ಪನಾಗಿ ಮಣ್ಣು. ಎಲ್ಲಕ್ಕೂ ಮೇಲೆ ಕರಲು ಮಣ್ಣು. ಇದರಲ್ಲಿ ಸೋಡಿಯಂ ಲವಣ ಹೆಚ್ಚು. ಮಳೆ ಬಿದ್ದಾಗ ಇದರ ಸೂಕ್ಷ್ಮ ಕಣಗಳು ಬಿಡಿಬಿಡಿಯಾಗಿ ಮಣ್ಣಿನ ರಂಧ್ರಗಳನ್ನು ಮುಚ್ಚುತ್ತವೆ. ನೀರು ಇಂಗದೆ ಹರಿದುಹೋಗುತ್ತದೆ. ಬೆಳೆಗೆ ಬಾರದ ಮಣ್ಣು ಮನೆಗೆ ಒದಗಿತು!

ಬಿಸಿ ತಡವಾಗುವುದು ಹೇಗೆ?

ತಗಡಿನ ದಪ್ಪ ಸುಮಾರು ಅರ್ಧ ಮಿ.ಮೀ. ಮಾತ್ರ. ಲೋಹ ಉತ್ತಮ ಉಷ್ಣವಾಹಕ. ಆದ್ದರಿಂದ ಕೆಲವೇ ನಿಮಿಷಗಳಲ್ಲಿ ಬಿಸಿ ಒಳಗಿಳಿಯುತ್ತದೆ. ಮಣ್ಣು ಮಂದ ಉಷ್ಣವಾಹಕ. ಒಂದು ಅಡಿ ದಪ್ಪದ ಮಣ್ಣಿನ ಗೋಡೆಯನ್ನು ದಾಟಲು ಮಧ್ಯಾಹ್ನದ ಬಿಸಿಗೆ ಸುಮಾರು 8ರಿಂದ 10 ಗಂಟೆ ಬೇಕು. ಅಷ್ಟರಲ್ಲಿ ರಾತ್ರಿಯಾಗಿ ಹೊರಗಿನ ಗಾಳಿ ತಣ್ಣಗಾಗಿರುತ್ತದೆ. ಆಗ ಮಾಳಿಗೆಯ ಗವಾಕ್ಷಿ ತೆರೆದರೆ ಹಗುರವಾದ ಬಿಸಿಗಾಳಿ ಮೇಲೆ ಹೋಗುತ್ತದೆ. ಕಿಟಕಿ ಬಾಗಿಲುಗಳಿಂದ ತಂಪುಗಾಳಿ ಒಳಬರುತ್ತದೆ.

ನೆನಪಿಡಿ: ಮಣ್ಣು ಬಿಸಿಯನ್ನು ಪೂರ್ತಿ ತಡೆಯುವುದಿಲ್ಲ. ತಡಮಾಡುತ್ತದೆ, ತಗ್ಗಿಸುತ್ತದೆ.

ಮಾಡಿ ನೋಡಿ

ಇಟ್ಟಿಗೆಗಳಿಂದ ಒಂದೇ ಅಳತೆಯ ಎರಡು ಪುಟ್ಟ ಮನೆಗಳನ್ನು ಜೋಡಿಸಿ. ಎರಡಕ್ಕೂ ತಗಡು ಮುಚ್ಚಿ. ಒಂದರ ಮೇಲೆ ಮೂರು ಅಂಗುಲ ಹಸಿ ಮಣ್ಣು ಮೆತ್ತಿ, ಪೂರ್ತಿ ಒಣಗಲು ಬಿಡಿ. (ಹಸಿಯಿದ್ದರೆ ನೀರು ಆವಿಯಾಗಿ ತಂಪಾಗುತ್ತದೆ, ಹೋಲಿಕೆ ತಪ್ಪುತ್ತದೆ.) ಎರಡರ ಒಳಗೂ ಪ್ರಯೋಗಾಲಯದ ಉಷ್ಣಮಾಪಕ ಇಡಿ. ಬೆಳಿಗ್ಗೆ 10ರಿಂದ ಸಂಜೆ 5ರವರೆಗೆ ಗಂಟೆಗೊಮ್ಮೆ ಉಷ್ಣತೆ ಬರೆದುಕೊಳ್ಳಿ. ತಗಡಿನ ಅಂಚು ಹರಿತ; ಶಿಕ್ಷಕರ ಸಹಾಯ ಪಡೆಯಿರಿ.

ಹಾಗಾದರೆ ಎಲ್ಲರೂ ಮಾಳಿಗೆ ಮನೆ ಕಟ್ಟಬೇಕೇ?

ಬೇಕಿಲ್ಲ. ಮಾಳಿಗೆಗೆ ಮಳೆಗಾಲಕ್ಕೆ ಮುನ್ನ ಆರೈಕೆ ಬೇಕು. ತೊಲೆಗೆ ಗೆದ್ದಲು ಹತ್ತಿದರೆ, ಮಣ್ಣಿನ ಭಾರ ಹೆಚ್ಚಿದರೆ ಕುಸಿಯುವ ಅಪಾಯವಿದೆ. ಅಂತಹ ಮನೆಯೊಳಗೆ ಹೋಗಬೇಡಿ. ಆದರೆ ತತ್ತ್ವವನ್ನು ಉಳಿಸಿಕೊಳ್ಳಬಹುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರವು, ಮಣ್ಣಿಗೆ ಸ್ವಲ್ಪ ಸಿಮೆಂಟ್ ಸೇರಿಸಿ ಯಂತ್ರದಲ್ಲಿ ಒತ್ತಿ ಮಾಡುವ, ಸುಡಬೇಕಿಲ್ಲದ ಇಟ್ಟಿಗೆಗಳನ್ನು ಬೆಳೆಸಿತು. ತಗಡಿನ ಮನೆಯವರು ಮೇಲೆ ಬಿಳಿ ಬಣ್ಣ ಬಳಿದು, ಕೆಳಗೆ ಗಾಳಿಯಾಡುವಂತೆ ಅಂತರ ಬಿಟ್ಟು ಬಿದಿರು ತಟ್ಟಿ ಕಟ್ಟಿದರೆ ಸೆಕೆ ಕಡಿಮೆಯಾಗುತ್ತದೆ.

ಯೋಚಿಸಿ, ಉತ್ತರಿಸಿ

1. ನಿಮ್ಮ ಎರಡು ಪುಟ್ಟ ಮನೆಗಳಲ್ಲಿ ಯಾವುದು ಬೇಗ ಬಿಸಿಯಾಯಿತು? ಯಾವುದು ಬೇಗ ತಣಿಯಿತು?
2. ಬೇಸಿಗೆಯಲ್ಲಿ ಮಧ್ಯಾಹ್ನ ಕಿಟಕಿ ಮುಚ್ಚಿ ರಾತ್ರಿ ತೆರೆಯುವುದು ಏಕೆ ಒಳ್ಳೆಯದು?
3. ಮಾಳಿಗೆಗೆ ಕರಲು ಮಣ್ಣನ್ನು ಎಲ್ಲಿಂದ ತರುತ್ತಿದ್ದರು? ನಿಮ್ಮ ಅಜ್ಜ ಅಜ್ಜಿಯರನ್ನು ಕೇಳಿ ಬರೆಯಿರಿ.