ಏಳು ಕುದುರೆ, ಒಂದು ದಾಳ: ‘ರಾಯಲ್ ಟರ್ಫ್’ ಆಟದ ಮೊದಲ ಪಾಠ

ಹಾವು-ಏಣಿ, ಚೌಕಾಬಾರ ಆಡಿ ಗೊತ್ತಿದ್ದರೆ ಸಾಕು, ಈ ಆಟ ನಿಮಗೆ ಒಲಿಯುತ್ತದೆ. ಕುದುರೆ ರೇಸಿನ ಬಗ್ಗೆ ನಿಮಗೆ ಏನೂ ತಿಳಿದಿರಬೇಕಿಲ್ಲ. ‘ರಾಯಲ್ ಟರ್ಫ್’ ಎಂಬ ಈ ಆಟವನ್ನು ರೂಪಿಸಿದವರು ಜರ್ಮನಿಯ ರೈನರ್ ಕ್ನಿಟ್ಸಿಯಾ. ಗಣಿತದಲ್ಲಿ ಡಾಕ್ಟರೇಟ್ ಪಡೆದ ಇವರು ನೂರಾರು ಆಟಗಳ ಕರ್ತೃ. 2001ರಲ್ಲಿ ಹೊರಬಂದ ಈ ಆಟ ಮುಂದೆ ‘ವಿನ್ನರ್ಸ್ ಸರ್ಕಲ್’ ಎಂಬ ಹೆಸರಿನಲ್ಲೂ ಪ್ರಕಟವಾಯಿತು. ಇಬ್ಬರಿಂದ ಆರು ಮಂದಿಯವರೆಗೆ ಆಡಬಹುದು.

ಮೊದಲು ಒಂದು ವಿಷಯ ಮನಸ್ಸಿಗೆ ತಂದುಕೊಳ್ಳಿ. ಚೌಕಾಬಾರದಲ್ಲಿ ನಿಮ್ಮ ಕಾಯಿಗಳನ್ನು ನೀವೇ ನಡೆಸುತ್ತೀರಿ. ಇಲ್ಲಿ ಓಡುವ ಏಳು ಕುದುರೆಗಳಲ್ಲಿ ಒಂದೂ ಯಾರ ಸ್ವಂತದ್ದಲ್ಲ. ಯಾವ ಕುದುರೆಯನ್ನು ಬೇಕಾದರೂ ಯಾರು ಬೇಕಾದರೂ ಓಡಿಸಬಹುದು. ನಿಮ್ಮದು ಎನ್ನುವುದು ನೀವು ಹೂಡಿದ ಬಿಲ್ಲೆಗಳು ಮಾತ್ರ. ಓಟ ಶುರುವಾಗುವ ಮೊದಲು ಎಲ್ಲರೂ ಸರದಿಯಂತೆ ತಮಗೆ ಒಪ್ಪಿಗೆಯಾದ ಕುದುರೆಗಳ ಮೇಲೆ ಬಿಲ್ಲೆ ಇಡುತ್ತಾರೆ. ಮೊದಲ ಮೂರು ಸ್ಥಾನಗಳಲ್ಲಿ ಬಂದ ಕುದುರೆಗಳು ತಮ್ಮ ಮೇಲೆ ಹೂಡಿದವರಿಗೆ ಹಣ ತರುತ್ತವೆ. ಕಟ್ಟಕಡೆಯ ಕುದುರೆಯನ್ನು ನಂಬಿದವರು ದಂಡ ತೆರಬೇಕು. ಹೀಗೆ ಮೂರು ಓಟ ಮುಗಿದಾಗ ಯಾರ ಬಳಿ ಹೆಚ್ಚು ಹಣವಿದೆಯೋ ಅವರದು ಗೆಲುವು.

ಇನ್ನು ದಾಳ. ಇದರಲ್ಲಿ ಅಂಕಿಗಳ ಬದಲು ಚಿತ್ರಗಳಿವೆ. ಆರು ಮುಖಗಳ ಪೈಕಿ ಮೂರರಲ್ಲಿ ಕುದುರೆಯ ತಲೆ. ಉಳಿದ ಮೂರರಲ್ಲಿ ಒಂದೊಂದರಂತೆ ಜಾಕಿಯ ಟೋಪಿ, ಜೀನು ಮತ್ತು ಲಾಳ. ಜಾಕಿ ಎಂದರೆ ರೇಸ್ ಕುದುರೆಯ ಸವಾರ. ಪ್ರತಿ ಕುದುರೆಯ ಕಾರ್ಡಿನಲ್ಲಿ ಈ ನಾಲ್ಕು ಚಿತ್ರಗಳಿಗೂ ಒಂದೊಂದು ಅಂಕಿ ಇರುತ್ತದೆ. ನೀವು ದಾಳ ಹಾಕಿ, ಒಂದು ಕುದುರೆಯನ್ನು ಆರಿಸಿ, ಬಿದ್ದ ಚಿತ್ರಕ್ಕೆ ಅದರ ಕಾರ್ಡಿನಲ್ಲಿ ಎಷ್ಟಿದೆಯೋ ಅಷ್ಟು ಮನೆ ಮುಂದಕ್ಕೆ ನಡೆಸಬೇಕು. ಏಳೂ ಕುದುರೆಗಳು ಒಮ್ಮೊಮ್ಮೆ ಓಡುವವರೆಗೆ, ಓಡಿದ ಕುದುರೆಯನ್ನು ಮತ್ತೆ ಮುಟ್ಟುವಂತಿಲ್ಲ. ಈ ಕೊನೆಯ ನಿಯಮವನ್ನು ಇನ್ನೊಮ್ಮೆ ಓದಿ. ಆಟದ ಜೀವ ಅಲ್ಲೇ ಇದೆ.

ಯಾಕೆಂದು ನೋಡೋಣ. ಲೆಕ್ಕಕ್ಕಾಗಿ ನಾನೇ ಎರಡು ಕುದುರೆಗಳನ್ನು ಕಲ್ಪಿಸುತ್ತೇನೆ. ಕೆಂಪು ಕುದುರೆಗೆ ತಲೆ ಬಿದ್ದರೆ 4, ಟೋಪಿಗೆ 9, ಜೀನಿಗೆ 11, ಲಾಳಕ್ಕೆ 6. ನೀಲಿಗೆ ಕ್ರಮವಾಗಿ 3, 5, 6, 18. ದಾಳದ ಆರೂ ಮುಖಗಳನ್ನು ಲೆಕ್ಕ ಹಿಡಿದು, ಅಂದರೆ ತಲೆಯ ಅಂಕಿಯನ್ನು ಮೂರು ಸಲ ಸೇರಿಸಿ ಕೂಡಿ ನೋಡಿ: ಎರಡಕ್ಕೂ 38 ಬರುತ್ತದೆ. ಕಾಗದದ ಮೇಲೆ ಎರಡೂ ಸಮ. ಆದರೆ ನೀವು ನೀಲಿಯ ಮೇಲೆ ಹೂಡಿದ್ದೀರಿ ಎಂದುಕೊಳ್ಳಿ. ನಿಮ್ಮ ಎದುರಾಳಿಗೆ ತಲೆ ಬೀಳುತ್ತದೆ. ಆಕೆ ನಗುತ್ತಾ ನೀಲಿಯನ್ನೇ ಎತ್ತಿ ಮೂರು ಮನೆ ನಡೆಸುತ್ತಾಳೆ. ಮರುಗಳಿಗೆ ನಿಮಗೆ ಲಾಳ ಬಿದ್ದರೂ ಆ 18 ಈ ಸುತ್ತಿನಲ್ಲಿ ನೀಲಿಗೆ ದಕ್ಕುವುದಿಲ್ಲ. ನಿಮ್ಮ ಕುದುರೆಯನ್ನು ಹಿಂದಕ್ಕೆ ತಳ್ಳಲು ಯಾರಿಂದಲೂ ಸಾಧ್ಯವಿಲ್ಲ. ಕೆಟ್ಟ ಗರವನ್ನು ಅದರ ತಲೆಗೆ ಕಟ್ಟಲು ಸಾಧ್ಯ. ಆದ್ದರಿಂದ ಹೂಡುವ ಮೊದಲು ದೊಡ್ಡ ಅಂಕಿಗೆ ಮರುಳಾಗದೆ, ತಲೆಯ ಎದುರಿನ ಅಂಕಿಯನ್ನು ನೋಡಿ. ದಾಳ ಉರುಳಿದಾಗ ಅರ್ಧದಷ್ಟು ಸಲ ಬೀಳುವುದು ಅದೇ.

ಹೂಡಿಕೆಯ ಸೊಗಸು ಇರುವುದು ಇಲ್ಲಿಂದ ಮುಂದೆ. ಒಂದು ಕುದುರೆಯ ಮೇಲೆ ಬಿಲ್ಲೆಗಳು ಹೆಚ್ಚಿದಷ್ಟೂ ಪ್ರತಿ ಬಿಲ್ಲೆಗೆ ಸಿಗುವ ಹಣ ಕಡಿಮೆ. ಹಾಗಾದರೆ ಒಂಟಿಯಾಗಿ ಹೂಡುವುದೇ ಜಾಣತನವೇ? ಒಂಟಿಯಾಗಿ ಹೂಡಿದರೆ ಆ ಕುದುರೆಗೆ ಒಳ್ಳೆಯ ಗರ ಕೊಡುವವರು ನೀವೊಬ್ಬರೇ. ಉಳಿದವರೆಲ್ಲ ಅದಕ್ಕೆ ಕೆಟ್ಟದ್ದನ್ನೇ ಉಣಿಸುತ್ತಾರೆ. ಮೂವರು ಹೂಡಿದ ಕುದುರೆಯನ್ನು ಕಾಯಲು ಮೂವರಿರುತ್ತಾರೆ, ಆದರೆ ಗಳಿಕೆ ತೆಳುವಾಗುತ್ತದೆ. ನನ್ನನ್ನು ಕೇಳಿದರೆ, ಇಬ್ಬರು ಪಾಲುದಾರರಿರುವ ಕುದುರೆಯೇ ಹೊಸಬರಿಗೆ ಒಳ್ಳೆಯದು. ಆ ಇನ್ನೊಬ್ಬರು ನಿಮಗಿಂತ ಮುಂಚೆ ದಾಳ ಹಾಕುವವರಾದರೆ ಇನ್ನೂ ಒಳ್ಳೆಯದು.

ಬಿಲ್ಲೆಗಳನ್ನು ಮಗುಚಿಟ್ಟು, ಬೆಲೆಯಿಲ್ಲದ ಸೊನ್ನೆ ಬಿಲ್ಲೆಯಿಂದ ಇತರರನ್ನು ದಾರಿತಪ್ಪಿಸುವ ಬಗೆಯೂ ಈ ಆಟದಲ್ಲಿದೆ. ಅದನ್ನು ಆಮೇಲೆ ನೋಡಿಕೊಳ್ಳಿ. ಮೊದಲ ಆಟದಲ್ಲಿ ಎಲ್ಲ ಬಿಲ್ಲೆಗಳೂ ಕಣ್ಣೆದುರೇ ಇರಲಿ. ಪ್ರತಿ ಗರ ಬಿದ್ದಾಗಲೂ ಯಾವ ಕುದುರೆಯನ್ನು ಯಾಕೆ ನಡೆಸುತ್ತಿದ್ದೀರಿ ಎಂದು ಎಲ್ಲರೂ ಬಾಯಿಬಿಟ್ಟು ಹೇಳಿ ಆಡಿ.